ಎಂಬತ್ತೆಂಟು ಗುಂಡಿಗಳ ಬಾಬ್ತು

ಗೃಹಸಾಲಗಾರರನ್ನು ಅಂಗೈಯಲ್ಲಿಟ್ಟುಕೊಂಡು ಸಲಹುತ್ತಿರುವ ಬ್ಯಾಂಕಿನ ಶಾಖಾ ವ್ಯವಸ್ಥಾಪಕರಿಗೆ, ಎದುರು ಸಾಲಿನ ಹೊಲಿಗೆ ಅಂಗಡಿಯ ಒಡತಿ ಮಾಡುವ ವಿನಯಪೂರ್ವಕ ನಮಸ್ಕಾರಗಳು.

ಮಾನ್ಯರೇ,

ತಾವು ದಿನೇ ದಿನೇ ಅಭಿವೃದ್ಧಿ ಹೊಂದುತ್ತಿರುವುದನ್ನು ನನ್ನ ಮಿಷನ್ನಿನ ಮುಂದೆ ಕುಳಿತೇ ಕಣ್ಣಾರೆ ಕಾಣುತ್ತಿದ್ದೇನೆ. ಅದರ ದಾಖಲೆ ನನ್ನ ಅಳತೆ ಪುಸ್ತಕದಲ್ಲಿಯೂ ಇದೆ; ಹೋದ ವರ್ಷಕ್ಕಿಂತ ಸೊಂಟದಲ್ಲಿ ಎರಡು ಇಂಚು ಪ್ರಗತಿಯಾಗಿದೆ. ಈ ಪತ್ರವನ್ನು ತಮ್ಮ ಕೈಗೆ ಕೊಡದೆ ಅಂಗಡಿಯ ಗಾಜಿಗೆ, ಬೀದಿಗೆ ಕಾಣುವಂತೆ ಅಂಟಿಸಿದ್ದಕ್ಕೆ ಕ್ಷಮೆಯಿರಲಿ. ಗುಟ್ಟಾಗಿ ತಿಳಿಸಿದ ವಿಷಯಗಳು ಎಲ್ಲಿಗೆ ಹೋಗಿ ಸೇರುತ್ತವೆ ಎಂಬುದನ್ನು ತಮ್ಮಿಂದಲೇ ಕಲಿತೆ. ಆ ಪಾಠಕ್ಕೆ ಆಮೇಲೆ ಬರುತ್ತೇನೆ.

ಹನ್ನೊಂದು ವರ್ಷದ ಹಿಂದೆ, ನನಗೆ ಐವತ್ತು ತುಂಬಿದಾಗ, ಕೆಳಗೆ ಅಂಗಡಿ, ಮೇಲೆ ಎರಡು ಕೋಣೆ ಇರುವ ಈ ಮನೆಯನ್ನು ತಮ್ಮಲ್ಲಿ ಅಡವಿಟ್ಟು ಇಪ್ಪತ್ತು ವರ್ಷದ ಸಾಲ ತಂದು ಕೊಂಡೆ. ನನ್ನ ಓದು ಹೈಸ್ಕೂಲಿಗೆ ನಿಂತಿತಾದರೂ ಲೆಕ್ಕ ನಿಲ್ಲಲಿಲ್ಲ. ಒಂದು ಉದ್ದದ ಕ್ಯಾನ್ವಾಸ್ ಪಟ್ಟಿಯ ಮೇಲೆ, ಮಿಕ್ಕುಳಿದ ಅಂಗಿ, ಕೋಟು, ಸಮವಸ್ತ್ರಗಳ ಗುಂಡಿಗಳನ್ನು ಆರಿಸಿ, ಇನ್ನೂರ ನಲವತ್ತು ತಿಂಗಳಿಗೆ ಇನ್ನೂರ ನಲವತ್ತು ಗುಂಡಿ ಹೊಲಿದು ಬೀರುವಿನ ಒಳಬಾಗಿಲಿಗೆ ನೇತು ಹಾಕಿದೆ. ಪ್ರತಿ ಕಂತು ಕಟ್ಟಿ ಬಂದ ದಿನ ಚಿಕ್ಕ ಕತ್ತರಿಯಿಂದ ಒಂದನ್ನು ಕತ್ತರಿಸುತ್ತಾ ಬಂದೆ. ಕೊನೆಯ ಗುಂಡಿ ಉದುರುವಾಗ ನನಗೆ ಎಪ್ಪತ್ತು. ಅಂದು ದೊಡ್ಡ ಕತ್ತರಿಯನ್ನೂ ಮನೆಯ ಪತ್ರವನ್ನೂ ಒಟ್ಟಿಗೆ, ಪಕ್ಕದ ಮಿಷನ್ನಿನಲ್ಲಿ ಕೂರುವ ನನ್ನ ಎರಡನೇ ಮಗಳ ಕೈಗೆ ಇಡುವುದೆಂದು ತೀರ್ಮಾನಿಸಿದ್ದೆ. ಸಾಲದ ಕಾಗದದಲ್ಲಿ ಅವಳ ರುಜುವೂ ಇದೆ. ಅವಳು ನನ್ನ ಕತ್ತರಿ ಹಿಡಿಯಲಿ, ನನ್ನ ಸಾಲವನ್ನಲ್ಲ. ಇದೊಂದನ್ನು ಬಿಟ್ಟು ಬೇರೆ ಹಟ ನನಗಿಲ್ಲ.

ಹೋದ ತಿಂಗಳು ತಮ್ಮ ಬಾಗಿಲಲ್ಲಿ ಬಣ್ಣದ ಬೋರ್ಡು ನಿಂತಿತು: ಗೃಹಸಾಲಕ್ಕೆ ಶೇಕಡಾ ಎಂಟೂವರೆ. ಮಗಳು ಅದನ್ನು ಓದಿ ಬಂದು, “ಅಮ್ಮಾ, ನಿನ್ನೆ ಬಂದೋರಿಗೆ ಎಂಟೂವರೆಯಂತೆ, ನಮ್ಮದು ಎಷ್ಟಿದೆ ಒಂದ್ಸಲ ಕೇಳ್ಕೊಂಡು ಬಾ” ಎಂದಳು. ಕೇಳಲು ಬಂದೆ. ಮೂರನೇ ಕೌಂಟರಿನ ಗುಮಾಸ್ತರು ಒಂದು ಹಾಳೆ ತೆಗೆದುಕೊಟ್ಟರು. ಬಡ್ಡಿ ಹತ್ತೂಮುಕ್ಕಾಲು, ಬಾಕಿ ಕಂತು ನೂರ ತೊಂಬತ್ತಾರು. ಮನೆಗೆ ಬಂದು ಪಟ್ಟಿ ಎಣಿಸಿದರೆ ಗುಂಡಿಗಳು ನೂರ ಎಂಟು. ಮೊದಲು ಗುಂಡಿಗಳ ಮೇಲೆಯೇ ಅನುಮಾನಪಟ್ಟೆ, ಏಕೆಂದರೆ ಅವು ಬ್ಯಾಂಕಿನಲ್ಲಿ ಕೆಲಸ ಮಾಡಿದವಲ್ಲ. ಮೂರು ಸಲ ಎಣಿಸಿದೆ. ಎಂಬತ್ತೆಂಟು ಕಡಿಮೆಯೇ ಬಂತು.

ಮರುದಿನ ಗುಮಾಸ್ತರು ಬಿಡಿಸಿ ಹೇಳಿದರು: “ಬಡ್ಡಿ ಏರಿತಲ್ಲಮ್ಮ. ಕಂತು ಏರಿಸಿದ್ರೆ ನಿಮಗೆ ಕಷ್ಟ ಅಂತ ಅವಧಿ ಹೆಚ್ಚಿಸಿದೀವಿ.” ತಮ್ಮ ಕರುಣೆಗೆ ಏನೆಂದು ಹೇಳಲಿ! ನಾನು ಎಪ್ಪತ್ತೇಳರವರೆಗೆ ಬದುಕಿದ್ದು ಹೊಲಿಗೆ ಹಾಕುತ್ತಿರುತ್ತೇನೆಂದು ಇಲ್ಲಿಯತನಕ ಯಾವ ವೈದ್ಯರೂ ಬರೆದುಕೊಟ್ಟಿರಲಿಲ್ಲ. ತಾವು ಮೊಹರು ಹಾಕಿ ಕೊಟ್ಟಿರಿ. ನನ್ನ ತಾಯಿ ಅರವತ್ತನಾಲ್ಕಕ್ಕೇ ಹೋದಳು. ಪಾಪ, ಅವಳಿಗೆ ಗೃಹಸಾಲವಿರಲಿಲ್ಲ.

ನನಗೇಕೆ ತಿಳಿಸಲಿಲ್ಲವೆಂದು ಕೇಳಿದಾಗ, ಆರು ವರ್ಷದಿಂದ ಐದು ಸಲ ಇಮೇಲ್ ಕಳಿಸಿದ್ದೇವೆ ಎಂಬ ಉತ್ತರ ಬಂತು. ನನಗೆ ಇಮೇಲ್ ಎಂಬುದೇ ಇಲ್ಲ. ಗುಮಾಸ್ತರು ಕಂಪ್ಯೂಟರಿನಲ್ಲಿ ಇಣುಕಿ, ಬೆವರು ಒರೆಸಿಕೊಂಡು, ಮೆಲ್ಲಗೆ ನಿಜ ಹೇಳಿದರು. ಅರ್ಜಿಯಲ್ಲಿ ಇಮೇಲಿನ ಜಾಗವನ್ನು ಖಾಲಿ ಬಿಟ್ಟರೆ ಕಂಪ್ಯೂಟರು ಮುಂದಕ್ಕೆ ಹೋಗುತ್ತಿರಲಿಲ್ಲವಾದ್ದರಿಂದ, ಅಂದು ಇದ್ದವರು ಅಲ್ಲಿ ಶಾಖೆಯದೇ ವಿಳಾಸವನ್ನು ತುಂಬಿದ್ದರಂತೆ. ಎಂದರೆ ನನ್ನ ಏಳು ವರ್ಷ ನಾಲ್ಕು ತಿಂಗಳ ವಿಷಯವನ್ನು ತಾವು ತಮಗೇ ಐದು ಸಲ ತಿಳಿಸಿಕೊಂಡಿದ್ದೀರಿ, ಒಂದು ಸಲವೂ ತಾವು ಆಕ್ಷೇಪ ಎತ್ತಿಲ್ಲ, ಆದ್ದರಿಂದ ನನಗೆ ಒಪ್ಪಿಗೆಯಿದೆ ಎಂದಾಯಿತು. ಇಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ಅಸ್ತರಿನಲ್ಲಿಯೂ ಕಂಡಿಲ್ಲ.

ಹಾಗಾದರೆ ಬೋರ್ಡಿನ ದರವನ್ನಾದರೂ ನನಗೆ ಕೊಡಿ ಎಂದೆ. “ಅದು ಹೊಸ ಗಿರಾಕಿಗಳಿಗೆ ಮಾತ್ರ” ಎಂದರು. ನೂರ ಮೂವತ್ತೆರಡು ಕಂತನ್ನು ಒಂದು ದಿನವೂ ತಪ್ಪದೆ ಕಟ್ಟಿದ್ದು ನನ್ನ ದೊಡ್ಡ ಅಪರಾಧವೆಂದು ಆಗ ಹೊಳೆಯಿತು. ನನ್ನನ್ನು ಅಪರಿಚಿತಳೆಂದು ಘೋಷಿಸುವ ನಮೂನೆ ಏನಾದರೂ ಇದೆಯೇ ಎಂದು ಕೇಳಿದೆ; ಗುಮಾಸ್ತರು ಪಾಪ ಡ್ರಾಯರಿನಲ್ಲಿ ಹುಡುಕಿಯೂ ನೋಡಿದರು.

ಕೊನೆಗೆ, ಬೀದಿಯ ಆ ತುದಿಯ ಬ್ಯಾಂಕಿಗೆ ಹೋಗಿ ಅಪರಿಚಿತಳಾದೆ. ಈ ಸಾಲವನ್ನು ನಾವೇ ತೀರಿಸಿ, ಎಂಟೂವರೆಗೆ ಹೊಸ ಸಾಲ ಕೊಡುತ್ತೇವೆಂದು ಅವರು ಒಪ್ಪಿದರು. ಅದಕ್ಕೆ ತಮ್ಮಿಂದ ಒಂದು ಬಾಕಿ ಪತ್ರ ಬೇಕು. ಆ ಪತ್ರಕ್ಕೆ ಏಳು ದಿನ ಆಯಸ್ಸು. ಅದು ತಮ್ಮ ಕೇಂದ್ರ ಕಚೇರಿಯನ್ನು ಸುತ್ತಿಕೊಂಡು, ನಾನು ಕುಳಿತಲ್ಲಿಂದ ಕಾಣುವ ತಮ್ಮ ಬಾಗಿಲಿನಿಂದ ಈ ಅಂಗಡಿಗೆ ರಸ್ತೆ ದಾಟಿ ಬರಲು ಒಂಬತ್ತು ದಿನ ಬೇಕಾಯಿತು. ಎರಡು ಸಲ ಹೀಗೆ ಸತ್ತ ಪತ್ರವೇ ಬಂತು, ಎರಡು ಸಲವೂ ಶುಲ್ಕ ಕಟ್ಟಿದೆ. ಮೂರನೇ ಸಲ ಮಗಳು ಕೈಹೊಲಿಗೆಯ ಬುಟ್ಟಿ ತಂದು, ತಮ್ಮ ಕೋಣೆಯ ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು, ಹನ್ನೆರಡು ಅಂಗಿಗೆ ಕಾಜಾ ಹಾಕಿ ಮುಗಿಸುವಷ್ಟರಲ್ಲಿ ಪತ್ರ ಕೈಗೆ ಬಂತು.

ಅಂದು ಸಂಜೆಯೇ ತಾವು ಖುದ್ದಾಗಿ ರಸ್ತೆ ದಾಟಿ ಬಂದಿರಿ. ಹೊಲಿಸುವ ಬಟ್ಟೆ ಕೈಯಲ್ಲಿಲ್ಲದೆ ತಾವು ಬಂದದ್ದು ಅದೇ ಮೊದಲು. “ಅಮ್ಮಾ, ನೀವು ನಮ್ಮ ಮನೆಯವರಿದ್ದ ಹಾಗೆ. ಹೋಗೋದ್ಯಾಕೆ? ಆ ಹೊಸ ದರಾನೇ ನಿಮಗೂ ಹಾಕಿಸಿಕೊಡ್ತೀನಿ” ಎಂದಿರಿ. ಮಗಳು ಪೆಡಲಿನಿಂದ ಕಾಲು ತೆಗೆಯದೆ ಹೇಳಿದ್ದು ತಮಗೂ ಕೇಳಿರಬೇಕು: “ಹನ್ನೊಂದು ವರ್ಷ ಕೂತಿದ್ದಕ್ಕೆ ಸಿಗದೇ ಇದ್ದದ್ದು, ಎದ್ದು ನಿಂತಿದ್ದಕ್ಕೆ ಸಿಕ್ತು ನೋಡಮ್ಮ.”

ತಮ್ಮ ಔದಾರ್ಯವನ್ನು ಕೈಮುಗಿದು ಹಿಂದಿರುಗಿಸುತ್ತಿದ್ದೇನೆ. ದರ ಮತ್ತೆ ಏರಿದರೆ ತಾವು ಮತ್ತೆ ತಮಗೇ ಪತ್ರ ಬರೆದುಕೊಳ್ಳಬೇಕಾದೀತು. ಅಷ್ಟು ಶ್ರಮ ಕೊಡಲಾರೆ. ಹೊಸ ಬ್ಯಾಂಕಿನಲ್ಲಿ ಇದೇ ಕಂತು ಕಟ್ಟಿದರೆ ನೂರ ಐವತ್ತು ತಿಂಗಳಿಗೆ, ನನ್ನ ಎಪ್ಪತ್ತಮೂರೂವರೆ ವಯಸ್ಸಿಗೆ, ಮುಗಿಯುತ್ತದೆ. ತಾವು ಸೇರಿಸಿದ ಎಂಬತ್ತೆಂಟರಲ್ಲಿ ನಲವತ್ತಾರನ್ನು ನಾನು ಚಪ್ಪಲಿ ಸವೆಸಿ ಕಳೆದಿದ್ದೇನೆ. ಉಳಿದ ನಲವತ್ತೆರಡು ಗುಂಡಿ ತಮ್ಮ ಬಾಬ್ತು. ನಾಲ್ಕು ತೂತಿನವು, ಒಳ್ಳೆಯ ಜಾತಿಯವು ಆಗಿರಲಿ. ತಾವೇ ಬಂದು, ನನ್ನ ಎದುರು ಕುಳಿತು, ಸೂಜಿಗೆ ದಾರ ಪೋಣಿಸಿ, ಒಂದೊಂದಾಗಿ ಪಟ್ಟಿಗೆ ಹೊಲಿದುಕೊಡಬೇಕು. ಜೊತೆಗೆ, ಅಷ್ಟರೊಳಗೆ ಯಾರಾದರೂ ನನ್ನನ್ನು ಕರೆದೊಯ್ಯಲು ಬಂದರೆ ತೋರಿಸಿ ವಾಪಸು ಕಳಿಸಲು, ಬ್ಯಾಂಕಿನ ಮೊಹರಿರುವ ಒಂದು ಪತ್ರವನ್ನೂ ದಯಪಾಲಿಸಬೇಕು. ಅದರ ಆಯಸ್ಸು ಏಳು ದಿನಕ್ಕಿಂತ ಹೆಚ್ಚಿರಲಿ.

ಬುಧವಾರ ಹನ್ನೊಂದಕ್ಕೆ ಆ ತುದಿಯ ಬ್ಯಾಂಕಿನವರು ತಮಗೆ ಸಲ್ಲಬೇಕಾದ ಹಣ ತರುತ್ತಾರೆ. ಮನೆಯ ಪತ್ರ ಮೇಜಿನ ಮೇಲಿರಲಿ. ಇಲ್ಲವಾದರೆ ಆ ಪ್ಲಾಸ್ಟಿಕ್ ಕುರ್ಚಿಯ ಪಕ್ಕ ಇನ್ನೊಂದು ಹಾಕಿಸಿ. ಈ ಸಲ ನಾನೂ ಬರುತ್ತೇನೆ, ಮಿಷನ್ನಿನ ಸಮೇತ.

ಇನ್ನೂ ಎರಡು ದಿನದ ಮಟ್ಟಿಗೆ,
ತಮ್ಮ ವಿಶ್ವಾಸಿ,
ಎದುರು ಸಾಲಿನ ಹೊಲಿಗೆಯಮ್ಮ

ಮರೆತ ಮಾತು: ಶನಿವಾರದ ವಾರ್ಷಿಕ ಸಭೆಗೆಂದು ಸೊಂಟ ಬಿಡಿಸಲು ತಾವು ಕೊಟ್ಟ ಕೋಟು ನನ್ನ ಬಳಿಯೇ ಇದೆ. ದಾರದ ಬೆಲೆ ಏರಿದೆ. ಮಜೂರಿ ಏರಿಸಿದರೆ ತಮಗೆ ಕಷ್ಟವೆಂದು ಕೊಡುವ ದಿನವನ್ನು ಮುಂದೂಡಿದ್ದೇನೆ. ಈ ಬಗ್ಗೆ ಆಗಲೇ ನನಗೆ ನಾನೇ ಒಂದು ಚೀಟಿ ಬರೆದುಕೊಂಡಿರುವುದರಿಂದ ತಮಗೆ ತಿಳಿದಿದೆ ಎಂದೇ ಲೆಕ್ಕ. ಶನಿವಾರಕ್ಕೇ ಬೇಕೆನ್ನುವ ಸೌಲಭ್ಯ ಇದೆ, ಆದರೆ ಅದು ಹೊಸ ಗಿರಾಕಿಗಳಿಗೆ ಮಾತ್ರ.