ನಾನು ಆರಿಸಿ ತಂದ ಗೇರ್ ಎಣ್ಣೆ

ನಮ್ಮ ಮನೆಯ ಬೀದಿ ಬಾಗಿಲು ತೆರೆದರೆ ಇಡೀ ದೊಡ್ಡಬಳ್ಳಾಪುರಕ್ಕೆ ಗೊತ್ತಾಗುತ್ತಿತ್ತು. ಹನ್ನೆರಡು ವರ್ಷದಿಂದ ನನ್ನ ಧರ್ಮಪತ್ನಿ ಬನಶಂಕರಿಯದು ಒಂದೇ ದೂರು: "ಆ ಬಾಗ್ಲಿಗೆ ಒಂದು ತೊಟ್ಟು ಎಣ್ಣೆ ಹಾಕ್ರೀ." ನಾನು ಹಾಕಲಿಲ್ಲ. (ಕಾರಣ ನಿಮಗೆ ಮಾತ್ರ ಹೇಳುತ್ತೇನೆ. ನಾನು ಜಗಲಿಯಲ್ಲಿ ಕುಳಿತು ಜಂಬ ಕೊಚ್ಚುವಾಗ ಅವಳು ಹೊರಗೆ ಬಂದರೆ ಬಾಗಿಲು 'ಕಿರ್ರ್' ಎಂದು ಮೊದಲೇ ಎಚ್ಚರಿಸುತ್ತಿತ್ತು. ನಾನು ತಕ್ಷಣ ಮಾತನ್ನು ಮಳೆ ಬೆಳೆಯ ಕಡೆಗೆ ತಿರುಗಿಸುತ್ತಿದ್ದೆ.)

ಎರಡನೇ ಮಹಾಯುದ್ಧ ಮುಗಿದ ಮರುವರ್ಷ, ನಾಲ್ಕು ಮಗ್ಗಗಳ ಯಜಮಾನನಾದ ಈ ನರಸಿಂಹಯ್ಯ, ಮಿಲಿಟರಿಯವರು ಹರಾಜು ಹಾಕಿದ ಲಾರಿಯೊಂದನ್ನು ಕೊಂಡ. ಅದರ ಹಿಂದಿನ ಅಚ್ಚಿನ ನಡುವೆ ಗಡಿಗೆಯಂಥದೊಂದು ಗುಂಡು, ಹೆಸರು ಡಿಫರೆನ್ಷಿಯಲ್. ದಂಡಿನಲ್ಲಿ ಲಾರಿ ಓಡಿಸಿ ಬಂದಿದ್ದ ನಮ್ಮ ಡ್ರೈವರ್ ಸಂಜೀವಪ್ಪ ಅದರ ಮಹಿಮೆಯನ್ನು ವಿವರಿಸಿದ.

"ಬೇರೆ ಲಾರೀಲಿ ಒಂದು ಚಕ್ರ ಕೆಸರಿಗೆ ಬಿದ್ರೆ ಅದೊಂದೇ ಗಿರಗಿರ ಸುತ್ತುತ್ತೆ, ಗಟ್ಟಿ ನೆಲದಲ್ಲಿರೋದು ಸುಮ್ನೆ ನಿಂತ್ಬಿಡುತ್ತೆ ಅಣ್ಣಾ. ಇದ್ರೊಳಗೆ ಬಿಲ್ಲೆಗಳು ಒಂದನ್ನೊಂದು ಒತ್ಕೊಂಡಿರ್ತವೆ. ಒಂದು ಚಕ್ರ ಜಾರಿದ್ರೂ ಇನ್ನೊಂದನ್ನ ಬಿಡದೆ ತಿರುಗಿಸ್ತವೆ."

"ನಮ್ಮನೆ ಸಂಸಾರ ಇದ್ದಂಗೆ ಅನ್ನು," ಎಂದಳು ಬನಶಂಕರಿ. ಜಾರುವ ಚಕ್ರ ಯಾವುದೆಂದು ನಾನು ಕೇಳಲು ಹೋಗಲಿಲ್ಲ.

ಶ್ರಾವಣದಲ್ಲಿ ಅವಳ ತಂಗಿಯ ಮದುವೆ, ಗಂಡಿನ ಊರಾದ ಬೂದಿಗೆರೆಯಲ್ಲಿ. ಮಾವ ರಾಮಲಿಂಗಯ್ಯನವರು ದಿಬ್ಬಣಕ್ಕೆ ಎತ್ತಿನ ಗಾಡಿ ಗೊತ್ತುಮಾಡಲು ಹೊರಟಿದ್ದರು. "ಆ ಕೆರೆ ಪಕ್ಕದ ಕೆಸರಲ್ಲಿ ನಿಮ್ಮ ಲಾರಿ ಹೂತ್ಕೊಂಡ್ರೆ ಮುಹೂರ್ತ ತಪ್ಪೋಗುತ್ತೆ, ಅಳಿಯಂದ್ರೇ." ನಾನು ಎದೆ ತಟ್ಟಿಕೊಂಡು, ಲಾರಿ ಹೂತರೆ ಇನ್ನು ಮುಂದೆ ನಿಮ್ಮ ಮನೆಯ ಹಬ್ಬದೂಟಕ್ಕೆ ಕಾಲಿಡುವುದಿಲ್ಲ ಎಂದು ಭೀಷ್ಮಪ್ರತಿಜ್ಞೆ ಮಾಡಿದೆ. (ನಮ್ಮತ್ತೆಯ ಒಬ್ಬಟ್ಟು ತಿಂದವರಿಗೆ ಈ ಪ್ರತಿಜ್ಞೆಯ ತೂಕ ಗೊತ್ತು.)

ಹೊರಡುವ ಮೊದಲು ಗುಂಡಿನ ಎಣ್ಣೆ ಬದಲಿಸಬೇಕಿತ್ತು. ಲಾರಿಯ ಜೊತೆಗೇ ಒಂದು ಡಬ್ಬ ಬಂದಿತ್ತು. ಮುಚ್ಚಳ ತೆಗೆದರೆ ಸುಟ್ಟ ಪಟಾಕಿ, ಕೊಳೆತ ಮೊಟ್ಟೆ ಎರಡರ ನಾತವೂ ಒಟ್ಟಿಗೇ ಮೂಗಿಗೆ ಬಡಿಯಿತು. ಇದು ಕೆಟ್ಟುಹೋಗಿದೆ ಎಂದು ತೀರ್ಪುಕೊಟ್ಟು, ನಾನು ಖುದ್ದಾಗಿ ಬೆಂಗಳೂರಿಗೆ ಹೋಗಿ ಜೇನಿನ ಬಣ್ಣದ, ಬೆರಳಿಗೆ ನಿಲ್ಲದಷ್ಟು ನುಣುಪಾದ ಎಣ್ಣೆ ತಂದೆ. ಜಾರುವುದೇ ಎಣ್ಣೆಯ ಧರ್ಮವಲ್ಲವೇ? ಹೆಚ್ಚು ಜಾರಿದಷ್ಟೂ ಶ್ರೇಷ್ಠ ಎಂಬುದು ನನ್ನ ಸಿದ್ಧಾಂತ.

"ಇದು ಆಗಲ್ಲಾ ರೀ," ಎಂದಳು ಬನಶಂಕರಿ, ಬೆರಳಲ್ಲಿ ಉಜ್ಜಿ ನೋಡಿ.

"ಮೋಟಾರಿನ ವಿಷ್ಯ ನಿನಗೇನೇ ಗೊತ್ತು?"

"ಮಗ್ಗದ ವಿಷ್ಯ ಗೊತ್ತು. ಹಾಸಿನ ನೂಲು ಸುತ್ತಿದ ದಿಂಡಿಗೆ ಹಗ್ಗ ಬಿಗಿದು ಕಲ್ಲು ನೇತಾಕ್ತೀವಲ್ಲ, ಯಾಕೆ? ದಿಂಡು ಜಾರಬಾರ್ದು ಅಂತ. ಮದ್ವೆಯಾದ ಹೊಸದ್ರಲ್ಲಿ ನೀವು ಆ ಹಗ್ಗಕ್ಕೆ ಎಣ್ಣೆ ಹಚ್ಚಿದ್ರಲ್ಲ, ಏನಾಯ್ತು?"

(ಹಾಸೆಲ್ಲ ಸಡಿಲವಾಗಿ ಸೀರೆ ಬಲೆಯಾಯಿತು. ಅದರಲ್ಲಿ ಮೀನು ಹಿಡಿಯಬಹುದಿತ್ತು.)

ಅಷ್ಟಕ್ಕೇ ಬಿಡದೆ ಎರಡು ಹಿತ್ತಾಳೆ ತಟ್ಟೆ ತಂದಳು. ನಡುವೆ ನನ್ನ ಎಣ್ಣೆ ಸವರಿ, ಒಂದರ ಮೇಲೊಂದು ಒತ್ತಿ ಹಿಡಿದು, ಮೇಲಿನದನ್ನು ತಿರುಗಿಸಿದಳು; ಕೆಳಗಿನದು ಮಿಸುಕಲಿಲ್ಲ. ಒರೆಸಿ, ನಾತದ ಎಣ್ಣೆ ಸವರಿ ತಿರುಗಿಸಿದಳು. ಕೆಳಗಿನದೂ ಜೊತೆಗೇ ತಿರುಗಿತು. ಇಂಜಿನಿಯರಿಂಗ್ ಓದಿದವರಿಗೂ ಈ ಉಪಾಯ ಹೊಳೆಯುತ್ತಿತ್ತೋ ಇಲ್ಲವೋ! ನನ್ನ ಮನಸ್ಸು ಮೆಚ್ಚಿ ಕುಣಿಯಿತು. ಬಾಯಿ ಮಾತ್ರ, "ನಿನ್ನ ತಟ್ಟೆ ಬೇರೆ, ಲಾರಿ ಬಿಲ್ಲೆ ಬೇರೆ ಕಣೇ," ಎಂದಿತು. ಗಂಡನಾದವನ ಬಾಯಿ ಮನಸ್ಸಿನ ಮಾತು ಕೇಳುವುದೇ ಇಲ್ಲ. ನನ್ನ ಎಣ್ಣೆಯನ್ನೇ ಹಾಕಬೇಕೆಂದು ಸಂಜೀವಪ್ಪನಿಗೆ ಆಜ್ಞಾಪಿಸಿ, ಲಗ್ನಪತ್ರಿಕೆ ಹಂಚಲು ಹೊರಟೆ.

ಮದುವೆಯ ಹಿಂದಿನ ದಿನ ಮೂವತ್ತು ಜನರನ್ನೂ, ಮದುಮಗಳನ್ನೂ, ಒಬ್ಬಟ್ಟಿನ ಬುಟ್ಟಿಗಳನ್ನೂ ತುಂಬಿಕೊಂಡು ಹೊರಟೆವು. ಬೂದಿಗೆರೆ ಕೆರೆಯ ಪಕ್ಕ ಎಡಗಡೆಯ ಹಿಂಚಕ್ರ ಕೆಸರಿಗೆ ಇಳಿದೇಬಿಟ್ಟಿತು. ಹೆಂಗಸರು ಕಿರುಚಿದರು. ಮಾವನವರು ಕಣ್ಣು ಮುಚ್ಚಿ ದೇವರಿಗೆ ಹರಕೆ ಹೊತ್ತರು. ನನಗೆ ಒಬ್ಬಟ್ಟು ಕಣ್ಣಮುಂದೆ ಬಂದು ಮಾಯವಾಯಿತು. ಆದರೆ ಲಾರಿ ಒಮ್ಮೆ ಗುಡುಗಿ, ಗಟ್ಟಿ ನೆಲದ ಬಲಚಕ್ರವನ್ನು ಊರಿಕೊಂಡು, ಸಲೀಸಾಗಿ ಮೇಲೆದ್ದು ನಡೆಯಿತು. ಸಂಜೀವಪ್ಪ ನನ್ನತ್ತ ನೋಡಿ ಮುಸಿಮುಸಿ ನಕ್ಕ. ನನ್ನ ಆಯ್ಕೆಯನ್ನು ಮೆಚ್ಚಿಕೊಂಡನೆಂದು ಬಗೆದೆ.

ಮದುವೆ ಸಾಂಗವಾಗಿ ಮುಗಿಸಿ ಹಿಂತಿರುಗಿದ ಮೇಲೆ ಎಲ್ಲರೂ ನಮ್ಮ ಜಗಲಿಯಲ್ಲಿ ಕುಳಿತರು. ಬನಶಂಕರಿ ಮಜ್ಜಿಗೆ ತರಲು ಒಳಗೆ ಹೋದಳು. ಬಾಗಿಲು ಮುಚ್ಚಿದ್ದೇ ತಡ, ನಾನು ಶುರುಮಾಡಿದೆ.

"ಎಲ್ಲಾ ಎಣ್ಣೆ ಮಹಿಮೆ, ಮಾವ! ನಿಮ್ಮ ಮಗಳು ಆ ಕೊಳೆತ ಡಬ್ಬದ್ದೇ ಹಾಕಿ ಅಂತ ಹಟ ಹಿಡಿದ್ಲು. ಹೆಂಗಸರಿಗೆ ಏನು ತಿಳಿಯುತ್ತೆ? ನಾನು ಆರಿಸಿ ತಂದಿದ್ದಕ್ಕೆ ಅಲ್ವೇ ಮುಹೂರ್ತ ಉಳಿದದ್ದು?"

ಯಾರೂ ತಲೆದೂಗಲಿಲ್ಲ. ಎಲ್ಲರೂ ನನ್ನ ಬೆನ್ನ ಹಿಂದೆ ನೋಡುತ್ತಿದ್ದರು. ತಿರುಗಿದೆ. ಬಾಗಿಲು ಹಾರುಹೊಡೆದಿತ್ತು, ಬನಶಂಕರಿ ಮಜ್ಜಿಗೆಯ ತಂಬಿಗೆ ಹಿಡಿದು ನಿಂತಿದ್ದಳು. ಕಿರ್ರ್ ಎನ್ನಬೇಕಾಗಿದ್ದ ನನ್ನ ಕಾವಲುಗಾರ ತುಟಿ ಬಿಚ್ಚಿರಲಿಲ್ಲ.

"ಸಂಜೀವಪ್ಪ ಲಾರಿಗೆ ಆ ಕೊಳೆತ ಡಬ್ಬದ್ದನ್ನೇ ಹಾಕ್ದ, ನಾನೇ ಹೇಳ್ದೆ," ಎಂದಳು, ಮೊದಲ ಲೋಟವನ್ನು ನನಗೇ ಕೊಡುತ್ತಾ. "ನೀವು ತಂದಿದ್ದೂ ದಂಡ ಆಗಿಲ್ಲಾ ರೀ. ದಿಬ್ಬಣ ಹೊರಡೋವಾಗ ಬಾಗ್ಲಿಗೆ ಹಾಕ್ದೆ."

ಅವಳ ಬುದ್ಧಿಗೆ ಅಲ್ಲೇ ಕೈಮುಗಿಯೋಣ ಎನ್ನಿಸಿತು, ಕೈಯಲ್ಲಿ ಲೋಟವಿತ್ತು. ಮಾವನವರು ಎದ್ದುಹೋಗಿ ಬಾಗಿಲನ್ನು ನಾಲ್ಕು ಸಲ ತೆರೆದು ಮುಚ್ಚಿ ನೋಡಿದರು.

"ಎಣ್ಣೆ ಆರಿಸೋದ್ರಲ್ಲಿ ನಮ್ಮ ಅಳಿಯಂದ್ರು ಗಟ್ಟಿಗರೇ," ಎಂದರು.