ಬಳಗ ಬಿಟ್ಟ ದರ್ಜಿ

ಕೋಟಿನ ಬಟ್ಟೆಗೆ ಕತ್ತರಿ ಹಾಕುವಾಗ ದರ್ಜಿ ಉಸಿರನ್ನೂ ಅಳೆದು ಬಿಡುತ್ತಿದ್ದ. ಅವನ ಫೋನಿಗೆ ಆ ಶಿಸ್ತು ಇರಲಿಲ್ಲ. ‘ಬೀದಿ ಬಳಗ’ ಅನ್ನೋ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಹೂವಿನ ಚಿತ್ರ ಹಾಕಿದರೆ ಸಾಕು, ಇಡೀ ಬೀದಿ ಅದಕ್ಕೆ ಕೈಮುಗಿಯುತ್ತಿತ್ತು. ಪ್ರತಿ ನಮಸ್ಕಾರಕ್ಕೂ ಫೋನು ಹಲ್ಲುನೋವು ಬಂದವನ ಹಾಗೆ ನರಳುತ್ತ ಮೇಜಿನ ಮೇಲೆ ತೆವಳಿ, ಕೊನೆಗೆ ಸೀಮೆಸುಣ್ಣದ ಗೆರೆಯ ಮೇಲೇ ಬಂದು ಕೂತಿತು.

ಇದು ಸಾಮಾನ್ಯ ಕೋಟಲ್ಲ. ಹೋಟೆಲಿನ ಹೊಸ ಮ್ಯಾನೇಜರ್ ಹೇಳಿದ್ದರು: “ಸಂಜೆಯೊಳಗೆ ಕೊಡಿ. ಹೊಲಿಗೆ ಹಿಡಿಸಿದ್ರೆ ನಮ್ಮ ಸಪ್ಲೈಯರ್‌ಗಳ ಕೋಟೆಲ್ಲಾ ನಿಮಗೇ.”

ದರ್ಜಿ ಸಿಟ್ಟಿನಿಂದ ಗುಂಡಿ ಒತ್ತಿ ಬಳಗವನ್ನೇ ಬಿಟ್ಟ. ಆಹಾ, ಎಂಥಾ ನಿಶ್ಶಬ್ದ!

ಒಂದು ತೋಳು ಕತ್ತರಿಸುವಷ್ಟರಲ್ಲಿ ಗುಂಪಿನ ಯಜಮಾನರಾದ ನಿವೃತ್ತ ಪೋಸ್ಟ್‌ಮಾಸ್ತರರು ಬಂದರು.

“ಏನಪ್ಪಾ, ಹೇಳ್ದೆ ಕೇಳ್ದೆ ಹೋಗ್ಬಿಟ್ಟೆ? ನನ್ನಿಂದ ಏನಾದ್ರೂ ತಪ್ಪಾಯ್ತಾ?”

“ಇಲ್ಲ ಸಾರ್, ಕೆಲಸ ಜಾಸ್ತಿ. ಅಷ್ಟೇ.”

“ಅಷ್ಟೇ ಅನ್ನೋರ ಹೊಟ್ಟೇಲೇ ಬೆಟ್ಟದಷ್ಟು ಇರೋದು,” ಎನ್ನುತ್ತ ಅವರು ಸ್ಟೂಲಿನ ಮೇಲೆ ಕೂತರು. ಕತ್ತರಿಸಿಟ್ಟ ತೋಳು ಆ ಸ್ಟೂಲಿನ ಮೇಲೇ ಇತ್ತು. “ನೀನು ಬಾಯಿ ಬಿಡೋ ತನಕ ನಾನು ಏಳಲ್ಲ.”

ಅಷ್ಟರಲ್ಲಿ ಬೇಕರಿ ಅಕ್ಕ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. “ಅಣ್ಣಾ, ನಿಮ್ಮ ಮೊಮ್ಮಗಳ ಫೋಟೋಗೆ ನಾನು ಲೈಕ್ ಒತ್ತಲಿಲ್ಲ ಅಂತ ತಾನೇ? ಕೈತುಂಬಾ ಹಿಟ್ಟಿತ್ತು ಕಣಣ್ಣ!” ಅಳು ಬಂತು. ಕೈಗೆ ಸಿಕ್ಕ ಬಟ್ಟೆಯಲ್ಲಿ ಕಣ್ಣೊರೆಸಿಕೊಂಡಳು. ಅದು ಕೋಟಿನ ಅಸ್ತರು.

“ಅಯ್ಯೋ ತಾಯಿ, ಅದಲ್ಲ...”

“ಅದಲ್ಲ, ನನ್ನಿಂದ,” ಎಂದು ಔಷಧಿ ಅಂಗಡಿಯವನು ತಲೆ ತಗ್ಗಿಸಿಕೊಂಡು ಒಳಬಂದ. “ನೀವು ಹಾಡಿ ಹಾಕಿದ್ರಲ್ಲ, ಅದಕ್ಕೆ ನಗೋ ಮುಖ ಹಾಕಿದ್ದು ನಾನೇ.”

ದರ್ಜಿಯ ಕೈಯ ಕತ್ತರಿ ನಿಂತಿತು. “ಅದು ನೀವಾ?”

“ತಡಿ ತಡಿ,” ಪೋಸ್ಟ್‌ಮಾಸ್ತರರು ಎದ್ದರು. “ನನ್ನ ಕವಿತೆಗೂ ಅದೇ ಮುಖ ಬಂದಿತ್ತು!”

“ಸಾರ್, ಅದು ಕವಿತೆ ಅಂತ ಗೊತ್ತಾಗ್ಲಿಲ್ಲ.”

ಅಲ್ಲಿಂದ ಮಾತಿಗೆ ಮಾತು ಬೆಳೆಯಿತು. ಜಗಳ ನೋಡಲು ಇಬ್ಬರು, ಬಿಡಿಸಲು ನಾಲ್ವರು, ಏನೂ ತಿಳಿಯದೆ ಇನ್ನಷ್ಟು ಜನ ಸೇರಿದರು. ಸಂಜೆಯ ಹೊತ್ತಿಗೆ ರಾಜಿಯೂ ಆಗಿ, ಬಂದವರೆಲ್ಲ ತಂತಮ್ಮ ಮಂಡಿನೋವಿನ ಕತೆ ಹೇಳಿಕೊಂಡು ನಗುತ್ತಿದ್ದರು. ದರ್ಜಿಗೆ ಹೊಲಿಗೆ ಮಿಷನ್ ತನಕ ಹೋಗಲೂ ದಾರಿ ಇರಲಿಲ್ಲ.

ಆಗ ಮ್ಯಾನೇಜರ್ ಬಂದರು. ಜನ ನೋಡಿದರು. ಒಂದೇ ತೋಳು ಕತ್ತರಿಸಿದ್ದ, ಹಿಟ್ಟು ಮೆತ್ತಿದ ಕೋಟಿನ ಬಟ್ಟೆ ನೋಡಿದರು.

“ಇಷ್ಟು ಗಿರಾಕಿ ಇರೋರು ನಮ್ಮ ಕೆಲಸ ಯಾಕ್ ಒಪ್ಕೊಂಡ್ರಿ?” ಎಂದವರೇ, ಬಟ್ಟೆ ಸುತ್ತಿಕೊಂಡು ಹೊರಟೇಹೋದರು.



“ಛೆ, ನಮ್ಮಿಂದ ನಿನ್ನ ಕೆಲಸ ಹೋಯ್ತಲ್ಲಪ್ಪ,” ಎಂದರು ಪೋಸ್ಟ್‌ಮಾಸ್ತರರು.

ದರ್ಜಿ ಕೈಮುಗಿದ. “ಹೋಗ್ಲಿ ಬಿಡಿ ಸಾರ್. ನನ್ನನ್ನ ವಾಪಸ್ ಗುಂಪಿಗೆ ಸೇರಿಸ್ಕೊಳ್ಳಿ. ನೀವೆಲ್ಲಾ ನೆಮ್ಮದಿಯಾಗಿ ಮನೆಗೆ ಹೋಗಿ.”

“ಯಾವ ಗುಂಪು? ಈಗ್ತಾನೇ ಎಲ್ಲರೂ ಸೇರಿ ಅಳಿಸಿ ಹಾಕಿದ್ವಿ! ನಿನ್ನಿಂದ ಬುದ್ಧಿ ಬಂತು ಕಣಯ್ಯ. ಪಕ್ಕಪಕ್ಕದಲ್ಲೇ ಇದ್ದು ಮುಖ ನೋಡಿ ಮಾತಾಡಿ ಎಷ್ಟು ಕಾಲ ಆಗಿತ್ತು! ಇಂಥಾ ಹೊತ್ತಲ್ಲಿ ನಿನ್ನೊಬ್ಬನ್ನೇ ಬಿಡ್ತೀವಾ? ನಾಳೆಯಿಂದ ಬಳಗ ಇಲ್ಲೇ ಸೇರೋದು. ದಿನಾ.”

“ಬೇಕರೀಲಿ ಉದ್ದನೆ ಬೆಂಚು ಸುಮ್ನೆ ಬಿದ್ದಿದೆ,” ಎಂದಳು ಅಕ್ಕ. “ತಂದು ಹಾಕಿಸ್ತೀನಿ.”

ಔಷಧಿ ಅಂಗಡಿಯವನು ಆಗಲೇ ದರ್ಜಿಯ ಕೊರಳಿನ ಟೇಪು ಎಳೆದುಕೊಂಡು ಗೋಡೆಯ ಅಳತೆ ತೆಗೆಯುತ್ತಿದ್ದ.

“ಒಂದಲ್ಲಕ್ಕಾ,” ಎಂದ ಸಂತೋಷದಿಂದ, “ಹೊಲಿಗೆ ಮಿಷನ್ ಸ್ವಲ್ಪ ಆಚೆಗೆ ತಳ್ಳಿದ್ರೆ ಎರಡು ಹಿಡಿಯುತ್ತೆ!”