ಸಲಹೆ ಕೊಡದೆ ಕೂರುವ ಪರೀಕ್ಷೆ

ಮಾತು ಕಡಿಮೆ ಇರುವವರು ಬುದ್ಧಿವಂತರು ಎಂದು ಜನ ಅಂದುಕೊಳ್ಳುತ್ತಾರೆ. ನಾನಂತೂ ಏನು ಹೇಳಬೇಕೋ ತಿಳಿಯದೆ ಸುಮ್ಮನಿರುವವಳು. ನಮ್ಮ ಯಜಮಾನರು ಇದ್ದಾಗ ನನ್ನ ಪಾಲಿನ ಮಾತನ್ನೂ ಅವರೇ ಆಡಿ ಮುಗಿಸುತ್ತಿದ್ದರು. ಅವರದು ಯಲಹಂಕದಲ್ಲಿ ಮೋಟಾರು ರಿಪೇರಿ ಅಂಗಡಿ. ದಿನವಿಡೀ ಮೋಟಾರಿನ ಸದ್ದಿನ ಮೇಲೆ ಮಾತಾಡಿ ಅಭ್ಯಾಸವಾಗಿ, ಮನೆಯಲ್ಲೂ ಅದೇ ದನಿ. ಹೋದ ವರ್ಷ ಅವರು ತೀರಿಕೊಂಡ ಮೇಲೆ ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ, ಫ್ರಿಜ್ಜು ಗುರ್ ಎಂದರೂ ‘ಏನಂದ್ರಿ?’ ಎಂದು ಕೇಳಿಬಿಡುತ್ತಿದ್ದೆ.

ಅವರ ಅಕ್ಕ ಗಿರಿಜಕ್ಕ ಚಿಕ್ಕಬಾಣಾವರದಿಂದ ದಿನಾ ಬೆಳಿಗ್ಗೆ ಫೋನ್ ಮಾಡಿ, “ಆ ಮನೆ ಬಾಡಿಗೆಗೆ ಕೊಟ್ಬಿಟ್ಟು ನನ್ ಜೊತೆ ಬಂದಿರು ಕಣೇ” ಎನ್ನುತ್ತಿದ್ದರು. ನನಗೆ ಮನೆ ಬಿಡಲು ಮನಸ್ಸಿರಲಿಲ್ಲ. ಬರೀ ಮನಸ್ಸಿಲ್ಲ ಎಂದರೆ ಯಾರು ಒಪ್ಪುತ್ತಾರೆ? ಅಷ್ಟರಲ್ಲಿ ರಾಜಾನುಕುಂಟೆ ಕಡೆಯ ಒಂದು ಪುನರ್ವಸತಿ ಕೇಂದ್ರದಲ್ಲಿ ಸಹಾಯಕಿಯರಿಗೆ ತರಬೇತಿ ಕೊಟ್ಟು ಕೆಲಸವನ್ನೂ ಕೊಡುತ್ತಾರೆಂದು ಪಕ್ಕದ ಮನೆಯವರು ಹೇಳಿದರು. ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರು ಅಲ್ಲಿಗೆ ದಿನಾ ಬಂದು, ಬ್ಯಾಗು ಹೊಲಿದು, ಅಡಿಗೆ ಮಾಡಿ, ಮತ್ತೆ ನಾಲ್ಕು ಜನರ ಜೊತೆ ಬೆರೆಯುವುದನ್ನು ರೂಢಿಸಿಕೊಳ್ಳುತ್ತಾರೆ. ಪಿಯುಸಿ ಓದಿದ್ದರೆ ಸಾಕು ಎಂದರು, ಸೇರಿಕೊಂಡೆ. ಗಿರಿಜಕ್ಕ, “ಆಯ್ತು, ಪಾಸಾಗಿ ಕೆಲ್ಸ ಸಿಕ್ರೆ ಅಲ್ಲೇ ಇರು. ಇಲ್ದಿದ್ರೆ ಮರುಮಾತಾಡ್ದೆ ಬರ್ಬೇಕು” ಎಂದು ಷರತ್ತು ಹಾಕಿದರು.

ಮೊದಲ ಪಾಠಕ್ಕೇ ನನ್ನ ತಲೆ ಕೆಟ್ಟಿತು. ಕಲಿಸುವ ರೇಖಾ ಮೇಡಂ ನನಗಿಂತ ಚಿಕ್ಕವರು. “ಯಾರಿಗೂ ಸಲಹೆ ಕೊಡ್ಬೇಡಿ. ಎಲ್ಲಾ ಸರಿಹೋಗುತ್ತೆ ಅಂತಾನೂ ಹೇಳ್ಬೇಡಿ. ಕೇಳಿಸ್ಕೊಳ್ಳಿ” ಎಂದರು.

“ಹಾಗಾದ್ರೆ ಮಾತಾಡೋದೇನು ಮೇಡಂ?”

“ಅವರು ಹೇಳಿದ್ದನ್ನೇ ನಿಮ್ಮ ಮಾತಲ್ಲಿ ಹೇಳಿ. ಉಳಿದಂತೆ ಸುಮ್ಮನಿರಿ.”

ಇದು ನಮ್ಮ ಬೀದಿಯಲ್ಲಿ ನಡೆಯುವ ಮಾತೇ? ಈ ತುದಿಯಲ್ಲಿ ತಲೆನೋವು ಎಂದು ಬಾಯಿಬಿಟ್ಟರೆ ಆ ತುದಿ ತಲುಪುವಷ್ಟರಲ್ಲಿ ಶುಂಠಿ ಪಟ್ಟು, ದೃಷ್ಟಿ ತೆಗೆಯುವ ಮೆಣಸಿನಕಾಯಿ, ಆರ್.ಟಿ. ನಗರದ ಡಾಕ್ಟರ ವಿಳಾಸ ಎಲ್ಲವೂ ಕೈಗೆ ಬಂದಿರುತ್ತವೆ. ಏನೂ ಹೇಳದೆ ಹೋದವರೇ ಕಲ್ಲುಮನಸ್ಸಿನವರು. ಯಜಮಾನರ ತಿಥಿಯ ದಿನ ಒಬ್ಬ ಹಿರಿಯರು ನನ್ನ ತಲೆ ಸವರಿ, “ಧೈರ್ಯ ತಂದ್ಕೋಮ್ಮ, ಸಾರಿಗೆ ಒಂಚೂರು ಉಪ್ಪು ಹಾಕ್ಸು” ಎಂದಿದ್ದರು. ಒಂದೇ ಉಸಿರಿನಲ್ಲಿ ಎರಡು ಸಲಹೆ.

ಅಭ್ಯಾಸವಾಗಲೆಂದು ಗಿರಿಜಕ್ಕನ ಮೇಲೇ ಪ್ರಯೋಗ ಮಾಡಿದೆ.

“ಮಂಡಿ ನೋವು ಕಣೇ” ಎಂದರು.

“ನಿಮಗೆ ಮಂಡಿ ನೋಯ್ತಿದೆ.”

“ಹೂಂ, ಅದನ್ನೇ ಅಂದಿದ್ದು.”

“ಅದನ್ನೇ ನೀವು ಅಂದ್ರಿ.”

“ಲೇ, ಟವರ್ ಸರಿ ಇಲ್ವೇನೆ? ನಾನಂದಿದ್ದೇ ವಾಪಸ್ ಕೇಳಿಸ್ತಿದೆ!”

ಮೊನ್ನೆ ಶುಕ್ರವಾರ ಪರೀಕ್ಷೆ. ಕೇಂದ್ರದಲ್ಲಿ ಬ್ಯಾಗು ಹೊಲಿಯುವ ವಿಮಲಮ್ಮನ ಜೊತೆ ಕೂತು ಮಾತಾಡಬೇಕು. ಮೇಡಂ ದೂರದಲ್ಲಿ ಕೂತು ಕೇಳಿಸಿಕೊಳ್ಳುತ್ತಾರೆ.

“ಮಾತ್ರೆ ತಗೊಂಡ್ರೆ ಬೆಳಿಗ್ಗೆ ಏಳೋಕೇ ಆಗಲ್ಲ ಕಣ್ರೀ” ಎಂದರು ವಿಮಲಮ್ಮ. “ನಮ್ಮ ಅತ್ತಿಗೆ ನನ್ನ ಸೋಮಾರಿ ಅಂತಾರೆ.”

“ನಿಮಗೆ ಬೇಜಾರಾಗುತ್ತೆ” ಎಂದೆ. ಸರಿಯಾಗಿತ್ತು. ಅವರು ತಲೆಯಾಡಿಸಿದರು. ನಾನು ಸುಮ್ಮನಿದ್ದೆ. ಅದೂ ಸರಿಯಾಗಿತ್ತು. ಆಮೇಲೆ ಅವರು, “ಬಸ್ಸೂ ತಪ್ಪೋಗುತ್ತೆ” ಎಂದು ನಿಟ್ಟುಸಿರು ಬಿಟ್ಟರು. ನನಗೆ ತಡೆಯಲಾಗಲಿಲ್ಲ.

“ಅಯ್ಯೋ, ಡಾಕ್ಟರಿಗೆ ಹೇಳಿ! ರಾತ್ರಿ ಬೇಗ ಉಂಡ್ಬಿಡಿ, ಎದ್ದ ತಕ್ಷಣ ತಣ್ಣೀರಲ್ಲಿ ಮುಖ ತೊಳೀರಿ, ನಿಮ್ಮತ್ತಿಗೆ ಹತ್ರ ಬೇಕಾದ್ರೆ ನಾನೇ ಮಾತಾಡ್ತೀನಿ...”

ವಿಮಲಮ್ಮ ಮೇಡಂ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದರು. “ಮೆಲ್ಲಗೆ ಕಣ್ರೀ, ಕೇಳ್ಸುತ್ತೆ. ಹೋದ್ ಸಲದ್ ಹುಡ್ಗೀನೂ ತಣ್ಣೀರಲ್ಲೇ ಫೇಲಾಗಿದ್ದು.”

ಮೇಡಂಗೆ ಕೇಳಿಸಿತ್ತು. “ಸೋಮವಾರ ಇನ್ನೊಂದ್ಸಲ ಕೂತ್ಕೊಳ್ಳಿ. ಅದೇ ಕೊನೆ” ಎಂದರು.

ಸಂಜೆ ಗಿರಿಜಕ್ಕನ ಫೋನು. ವಿಷಯ ಹೇಳಿದೆ. “ನಾನಂದಿರ್ಲಿಲ್ವಾ? ಪಾತ್ರೆ ಪಡಗ ಕಟ್ಟು, ಭಾನುವಾರವೇ ಆಟೋ ಕಳಿಸ್ತೀನಿ. ಬಾಡಿಗೆಯವ್ರನ್ನೂ ನೋಡಿಟ್ಟಿದೀನಿ.”

ಸೋಮವಾರ ಇನ್ನೂ ಬಾಕಿಯಿದೆ ಎನ್ನಬೇಕಿತ್ತು. ಗಂಟಲಿನಿಂದ ಮಾತೇ ಹೊರಡಲಿಲ್ಲ. ಅವರು ‘ಹಲೋ’ ಎಂದರು, ಮತ್ತೆ ‘ಹಲೋ’ ಎಂದರು.

“ಇದೀಯೇನೆ?”

“ಇದೀನಿ ಅಕ್ಕ.”

ಗಿರಿಜಕ್ಕನ ದನಿ ಬೇರೆಯಾಗಿಯೇ ಬಂತು. “ನನ್ ತಮ್ಮ ಅಂಗಡಿ ಬಾಗಿಲು ಹಾಕ್ದೋನು ದಿನಾ ನಂಗೊಂದ್ ಫೋನ್ ಮಾಡೋನು. ‘ಉಂಡ್ಯಾ ಅಕ್ಕ’ ಅನ್ನೋನು, ಅಷ್ಟೇ. ಆ ಹೊತ್ತಾದ್ರೆ ಈಗ್ಲೂ ಫೋನ್ ಕೈಲಿಟ್ಕೊಂಡ್ ಕೂತಿರ್ತೀನಿ. ನೀನಿಲ್ಲಿದ್ರೆ ಅವ್ನೂ ಒಂಚೂರು ಇದ್ದಂಗಾಗುತ್ತೆ ಅಂತ...”

ಇಷ್ಟು ದಿನದಲ್ಲಿ ಅವರು ಅತ್ತದ್ದನ್ನು ನಾನು ಕೇಳಿರಲಿಲ್ಲ. ಒಲೆಯ ಮೇಲಿದ್ದ ಅನ್ನದ ತಳ ಹಿಡಿಯುವ ವಾಸನೆ ಬಂದರೂ ಫೋನ್ ಹಿಡಿದು ಕೂತೇ ಇದ್ದೆ. ಕೊನೆಗೆ ಅವರು ಮೂಗು ಒರೆಸಿಕೊಂಡು, “ಸೋಮವಾರದ್ದು ಮುಗಿಸ್ಕೋ. ಆಟೋ ವಿಷ್ಯ ಆಮೇಲ್ ನೋಡಾಣ” ಎಂದು ಇಟ್ಟುಬಿಟ್ಟರು.

ಮೇಡಂ ಪಕ್ಕದಲ್ಲಿದ್ದಿದ್ದರೆ ಪಾಸು ಮಾಡುತ್ತಿದ್ದರೇನೋ. ಆದರೆ ನಾನು ಕಲಿತದ್ದನ್ನು ಮಾಡಿದೆನೋ, ಗಾಬರಿಯಲ್ಲಿ ಬಾಯಿ ಕಟ್ಟಿತೋ, ನನಗೇ ಗೊಂದಲ. ಒಲೆ ಆರಿಸಿ, ಮನಸ್ಸು ತಡೆಯದೆ ನಾನೇ ತಿರುಗಿ ಫೋನ್ ಮಾಡಿದೆ.

“ಉಂಡ್ರಾ ಅಕ್ಕ?”

“ಇಲ್ಲ ಕಣೇ, ಏನೂ ಸೇರ್ತಿಲ್ಲ” ಎಂದರು.

‘ನಿಮಗೇನೂ ಸೇರ್ತಿಲ್ಲ’ ಎಂದು ಸುಮ್ಮನಾಗಬೇಕಿತ್ತು. “ಸೇರ್ದಿದ್ರೂ ಒಂದ್ ತುತ್ತು ಮೊಸರಲ್ಲಿ ಕಲಸ್ಕೊಂಡು ಉಣ್ಣಿ. ಖಾಲಿ ಹೊಟ್ಟೇಲಿ ಮಲಗ್ಬೇಡಿ” ಎಂದುಬಿಟ್ಟೆ.

ಆ ಕಡೆ ತಟ್ಟೆ ಎಳೆದುಕೊಂಡ ಸದ್ದು ಕೇಳಿಸಿತು. ಈ ಕಡೆ ನಾನು, ಸೋಮವಾರ ಬರುವ ಮೊದಲೇ ಎರಡನೇ ಸಲವೂ ಫೇಲಾಗಿ ಕೂತಿದ್ದೆ.